ಶುಕ್ರನ ಬಣ್ಣ ಸಿಹಿ

ಗೋಲಜ್ಜಿಯ ಕಣ್ಣಿಗೆ ಬಟ್ಟೆ ಕಟ್ಟಿ, ಬಣ್ಣದ ಕುಂಚವನ್ನು ನಾಲಿಗೆಗೆ ಮುಟ್ಟಿಸಿದರೆ ಸಾಕು, ಅದು ಯಾವ ಗ್ರಹ ಎಂದು ಹೇಳಿಬಿಡುತ್ತಿದ್ದಳು. ಮಂಗಳ ಎಂದರೆ ತುಕ್ಕು ಹಿಡಿದ ಮೊಳೆ. ಬುಧ ಎಂದರೆ ಹಳೇ ಗೋಡೆಯ ಮಣ್ಣು. ನೆಪ್ಚೂನಿನ ನೀಲಿ ಎಷ್ಟು ಕಹಿಯೆಂದರೆ, ಅವಳ ಪ್ರಕಾರ, ಒಂದು ಹನಿ ಸಮುದ್ರಕ್ಕೆ ಬಿದ್ದರೂ ಮೀನುಗಳೆಲ್ಲ ಎದ್ದು ದಡಕ್ಕೆ ಬಂದು ಕುಡಿಯಲು ನೀರು ಕೇಳುತ್ತವೆ. ಶುಕ್ರ ಮಾತ್ರ ಸಿಹಿ. ಬಿಳಿ ಪುಡಿಗೆ ಒಂದು ಚಿಟಿಕೆ ಹಳದಿ ಸೇರಿಸಿ ಅಂಟುನೀರಲ್ಲಿ ಕಲಸಿದ ಆ ಕೆನೆ ಬಣ್ಣವೇ ಶನಿಗೂ, ಗುರುವಿನ ಪಟ್ಟೆಗಳಿಗೂ.

"ಜೇನುತುಪ್ಪ ಏನೇನೂ ಅಲ್ಲ ಕಣ್ರೇ ಇದರ ಮುಂದೆ," ಎಂದು ತುಟಿ ಸವರಿಕೊಳ್ಳುತ್ತಿದ್ದಳು. "ಜೇನುನೊಣ ಬಂದು ನನ್ನ ಹತ್ರ ಸಾಲ ಕೇಳುತ್ತೆ."

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಆ ಕಾರ್ಖಾನೆ. ಕಾರ್ಖಾನೆ ಅನ್ನುವುದು ದೊಡ್ಡ ಮಾತು. ಉದ್ದನೆಯ ಒಂದು ಕೋಣೆ, ಉದ್ದನೆಯ ಒಂದು ಮೇಜು, ಆರು ಜನ ಹೆಂಗಸರು, ಒಂದೇ ಒಂದು ಕಿಟಕಿ. ಶಾಲೆಗಳಿಗೆ ಸೌರವ್ಯೂಹ ಹೋಗುತ್ತಿದ್ದದ್ದು ಅಲ್ಲಿಂದ. ನಡುವೆ ಸೂರ್ಯ ಅಂತ ಒಂದು ಬಲ್ಬು, ಸುತ್ತ ಕಬ್ಬಿಣದ ಕಡ್ಡಿಗಳ ತುದಿಗೆ ಎಂಟು ಗೋಲ. ಹಿಡಿ ತಿರುಗಿಸಿದರೆ ಎಲ್ಲವೂ ಸುತ್ತಬೇಕು. ರದ್ದಿ ಕಾಗದ ನೆನೆಸಿ, ರುಬ್ಬಿ, ಗೋಲ ಕಟ್ಟಿ, ಒಣಗಿಸಿ, ಉಜ್ಜಿ, ಬಣ್ಣ ಬಳಿಯುವ ಕೆಲಸ. ಮೂವತ್ತೈದು ವರ್ಷ ಗೋಲ ಉರುಳಿಸಿದವಳು ಗೋಲಜ್ಜಿಯಾಗದೆ ಇನ್ನೇನಾಗುತ್ತಾಳೆ?

ಗುರುವಿನ ಪಟ್ಟೆ ಎಳೆಯಲು ಕುಂಚದ ತುದಿ ಕೂದಲಿನಷ್ಟು ಸಣ್ಣಗಿರಬೇಕು. ಎರಡು ಗೆರೆ ಎಳೆಯುವಷ್ಟರಲ್ಲಿ ತುದಿ ಬಿರಿಯುತ್ತದೆ. ಬಿರಿದದ್ದನ್ನು ತುಟಿಗಳ ನಡುವೆ ಇಟ್ಟು ಒಂದು ಸಲ ಹೊರಳಿಸಿದರೆ ಮತ್ತೆ ಸೂಜಿ. ಇದು ಗೋಲಜ್ಜಿಯೇ ಕಂಡುಕೊಂಡ ಉಪಾಯ. ಕೆಲಸಕ್ಕೆ ಬಂದವರಿಗೆಲ್ಲ ಮೊದಲ ದಿನವೇ ಕಲಿಸುತ್ತಿದ್ದಳು. "ದೇವರು ನಾಲಿಗೆ ಕೊಟ್ಟಿದ್ದು ಬರೀ ಚಾಡಿ ಹೇಳೋಕೆ ಅಂದ್ಕೊಂಡ್ರಾ?"

ಯಜಮಾನರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಒಂದು ಕಾಲದಲ್ಲಿ ವಿಜ್ಞಾನ ಪಾಠ ಮಾಡಿದವರು; ಶಾಲೆ ಬಿಟ್ಟರೂ ಪಾಠ ಬಿಡಲಿಲ್ಲ. ಬಣ್ಣ ಒಣಗುವ ತನಕ ಮೇಜಿನ ಸುತ್ತ ಅಡ್ಡಾಡುತ್ತ ಹೇಳುತ್ತಿದ್ದರು: "ಶುಕ್ರ ಸೂರ್ಯನಿಂದ ಎರಡನೇದು. ಆದ್ರೂ ಎಲ್ಲಕ್ಕಿಂತ ಬಿಸಿ ಅದೇನೇ. ಯಾಕೆ? ಮೋಡದ ಕಂಬಳಿ ಹೊದ್ದಿದೆ, ಬಂದ ಶಾಖ ಆಚೆ ಹೋಗಲ್ಲ. ಅಲ್ಲಿ ಸೀಸ ಇಟ್ರೆ ಕರಗಿ ನೀರಾಗುತ್ತೆ."

"ಹಾಗಾದ್ರೆ ನಮ್ಮನೆ ಅಡುಗೆಕೋಣೆ ಶುಕ್ರನ ಮೇಲೇ ಇರ್ಬೇಕು ಮೇಷ್ಟ್ರೇ," ಎನ್ನುವಳು ಗೋಲಜ್ಜಿ. "ಅಲ್ಲಿ ಸೀಸ ಯಾಕೆ, ನಾನೇ ಕರಗಿಹೋಗ್ತೀನಿ."

ಪಕ್ಕಕ್ಕೆ ಒರಗಿಕೊಂಡೇ ಸುತ್ತುವ ಯುರೇನಸ್ ಅವಳ ಪಾಲಿಗೆ ತೀರಿಹೋದ ಗಂಡ. "ಅವರೂ ಹೀಗೇನೇ. ಮದುವೆ ದಿನ ಮಲಗಿದೋರು, ಎದ್ದಿದ್ದು ನಾನು ನೋಡಲಿಲ್ಲ." ಒಂದು ಸುತ್ತಿಗೆ ನೂರ ಅರುವತ್ತೈದು ವರ್ಷ ತೆಗೆದುಕೊಳ್ಳುವ ನೆಪ್ಚೂನು ಲಾರಿ ಓಡಿಸುವ ಮಗ: "ಮನೆ ಕಡೆ ಬರೋದು ಇದಕ್ಕಿಂತ ಒಂದು ವರ್ಷ ಬೇಗ, ಅಷ್ಟೇ."

ಅವಳ ಇನ್ನೊಂದು ಮಾತು ಊರಿಗೆಲ್ಲ ಗೊತ್ತಿತ್ತು. "ನನ್ನ ಹೊಟ್ಟೇನೂ ಸೌರವ್ಯೂಹಾನೇ. ಎಂಟು ಬಂದ್ವು. ಮೂರನೇದ್ರಲ್ಲಿ ಮಾತ್ರ ಜೀವ." ಮೊದಲು ಒಂಬತ್ತು ಎನ್ನುತ್ತಿದ್ದಳು. ಪ್ಲೂಟೋವನ್ನು ಗ್ರಹಗಳ ಸಾಲಿನಿಂದ ತೆಗೆದರೆಂದು ಮೇಷ್ಟ್ರು ಹೇಳಿದ ದಿನ ತಾನೂ ಒಂದು ಕಡಿಮೆ ಮಾಡಿಕೊಂಡಳು. ಕೇಳಿದವರು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದರು. ಅವಳು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಅವಳು ನಕ್ಕರೆ ಕೆಳಗಿನ ಅಂಗಡಿಯ ಸೈಕಲ್ ಬೆಲ್ಲುಗಳು ತಾವಾಗಿ ಮೊಳಗುತ್ತಿದ್ದವು.

ಸೊಸೆಯೂ ಅದೇ ಮೇಜಿಗೆ ಬಂದಳು. ಮಾತು ಕಮ್ಮಿ, ಕೈ ನಿಧಾನ, ಆದರೆ ಅವಳು ಬಿಡಿಸಿದ ಭೂಮಿಯ ದಡಗಳನ್ನು ನೋಡಿದರೆ ನೀರು ಈಗ ಹರಿದುಬರುತ್ತದೇನೋ ಅನಿಸಬೇಕು. ಮೊದಲ ಬಸುರು ನಾಲ್ಕು ತಿಂಗಳಿಗೆ ಹೋಯಿತು. ಗೋಲಜ್ಜಿ ಅವಳ ತಲೆ ಸವರಿ, "ಬುಧ ಅಂದ್ಕೋ ಹೋಗೇ. ಸೂರ್ಯನ ಪಕ್ಕ ಕೂತಿದ್ದು ಸುಟ್ಟೇ ಹೋಗುತ್ತೆ," ಎಂದಳು. ಮರುವರ್ಷ ಎರಡನೆಯದೂ ಹೋಯಿತು. "ಶುಕ್ರ. ಅದೂ ಬೆಂಕೀನೇ. ನೀನು ಮೂರನೇದು ನೋಡ್ತಿರು. ನನಗೂ ಮೂರನೇದೇ ನಿಂತಿದ್ದು."

ಸೊಸೆ ಅದನ್ನು ನಂಬಿದಳು. ತಮಾಷೆಯ ಮಾತೆಂದು ತಿಳಿದೂ, ಮುಳುಗುವವಳು ಹಗ್ಗ ಹಿಡಿದಂತೆ ಹಿಡಿದುಕೊಂಡಳು. ಮೂರನೆಯ ಸಲ ತಿಂಗಳು ನಿಂತಾಗ ಯಾರಿಗೂ ಹೇಳದೆ ಒಂದು ಸಣ್ಣ ಗೋಲ ಕಟ್ಟಿ, ನೀಲಿ ಬಳಿದು, ಮನೆಯ ಕಿಟಕಿಯ ಮೇಲಿಟ್ಟಳು. ಗೋಲಜ್ಜಿ ನೋಡಿಯೂ ನೋಡದವಳ ಹಾಗೆ ಇದ್ದಳು.

ಸೊಸೆಗೆ ಬಯಕೆ ಹುಟ್ಟಿದ್ದು ಅನ್ನದ ಮೇಲಲ್ಲ, ಹಣ್ಣಿನ ಮೇಲಲ್ಲ, ಶುಕ್ರನ ಬಣ್ಣದ ಮೇಲೆ. ಎರಡು ಗೆರೆಗೊಮ್ಮೆ ತುಟಿಗಿಡಬೇಕಾದ ಕುಂಚವನ್ನು ಗೆರೆ ಎಳೆಯುವ ಮೊದಲೇ ಇಡತೊಡಗಿದಳು. ಗೋಲಜ್ಜಿ ಅದನ್ನು ಕಂಡುಹಿಡಿದು ಮೇಜಿಗೆಲ್ಲ ಸಾರಿದಳು.

"ನೋಡ್ರೇ ಇವಳನ್ನ! ಬೇರೆಯವರ ಸೊಸೆಯಂದ್ರು ಹುಳಿ ಕೇಳ್ತಾರೆ. ನನ್ನ ಸೊಸೆ ಗ್ರಹಾನೇ ನುಂಗ್ತಾಳೆ!"

"ಹೋಗಿ ಅತ್ತೆ..." ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಬಸುರಿ ಬಾಯಿಗೆ ಬೇಡ ಅನ್ನಬಾರದು. ಇವತ್ತಿಂದ ಮಂಗಳ ನನಗಿರಲಿ. ಶುಕ್ರ, ಶನಿ ಎಲ್ಲಾ ನಿನಗೇ. ತಿನ್ನು ತಾಯಿ."

ಹಾಗೆಂದು ತನ್ನ ಮುಂದಿದ್ದ ಕೆನೆ ಬಣ್ಣದ ಬಟ್ಟಲನ್ನು ತಾನೇ ಎತ್ತಿ ಸೊಸೆಯ ಮುಂದಿಟ್ಟಳು. ಆಮೇಲೆ ಸಾಯುವವರೆಗೂ ಗೋಲಜ್ಜಿ ಮರೆಯಲಾಗದೆ ಹೋದದ್ದು ಆ ಬಟ್ಟಲು ಎತ್ತಿದ ತನ್ನ ಕೈಯನ್ನು.

ಆರನೆಯ ತಿಂಗಳಲ್ಲಿ ಸೊಸೆಯ ಮುಖ ಬೂದಿ ಬಳಿದಂತಾಯಿತು. ಹೊಟ್ಟೆಯೊಳಗೆ ಹಗ್ಗ ತಿರುಚಿದ ಹಾಗೆ ನೋವು. ಆಸ್ಪತ್ರೆಗೆ ಅತ್ತೆ ಸೊಸೆ ಇಬ್ಬರೂ ಹೋದರು. ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತಿನಲ್ಲಿ ಅವಸರ. ಸೊಸೆಯ ಕಣ್ಣಿನ ರೆಪ್ಪೆ ಎಳೆದು ನೋಡುತ್ತಿರುವಾಗ ಗೋಲಜ್ಜಿ ಸುಮ್ಮನಿರಲಾರದೆ, "ಹೊಟ್ಟೆನೋವು ನಮ್ಮ ಮನೆ ಆಸ್ತಿ ಕಣಮ್ಮ. ನನಗೂ ಇದೆ. ಸೊಸೆಗೆ ಒಡವೆ ಕೊಡೋಕೆ ಆಗಲಿಲ್ಲ, ಅದನ್ನೇ ಕೊಟ್ಟೆ," ಎಂದು ಬಾಯ್ತುಂಬ ನಕ್ಕಳು.

ಡಾಕ್ಟರಮ್ಮ ಸೊಸೆಯನ್ನು ಬಿಟ್ಟು ಅವಳ ಕಡೆ ತಿರುಗಿದಳು.

"ಅಜ್ಜಿ, ಇನ್ನೊಂದ್ಸಲ ನಗಿ."

ನಗು ಎಂದರೆ ನಗು ಬರುತ್ತದೆಯೇ? ಗೋಲಜ್ಜಿ ಹಲ್ಲು ಕಿಸಿದಳು. ಡಾಕ್ಟರಮ್ಮ ಟಾರ್ಚು ಬಿಟ್ಟು ಒಸಡು ನೋಡಿದಳು. ಹಲ್ಲಿನ ಬುಡದುದ್ದಕ್ಕೂ ನೀಲಿಗಪ್ಪು ಗೆರೆ, ಕುಂಚದಲ್ಲಿ ಎಳೆದಷ್ಟು ಸಣ್ಣಗೆ. ಸೊಸೆಯ ಒಸಡಿನಲ್ಲೂ ಅದೇ ಗೆರೆ, ಇನ್ನೂ ಎಳೆಯದು.

"ಏನು ಕೆಲಸ ಮಾಡ್ತೀರಾ ಇಬ್ರೂ?"

ಗೋಲಜ್ಜಿ ಎಲ್ಲ ಹೇಳಿದಳು. ಕಣ್ಣು ಕಟ್ಟಿಕೊಂಡು ರುಚಿ ಹೇಳುವುದನ್ನೂ ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರಮ್ಮ ನಗಲಿಲ್ಲ.

"ಆ ಬಿಳಿ ಪುಡೀಲಿ ಸೀಸ ಇರ್ಬೇಕು ಅಜ್ಜಿ. ಅದು ವಿಷ. ರಕ್ತಕ್ಕೆ ಸೇರಿದ್ರೆ ಹೊಟ್ಟೇಲಿರೋ ಮಗೂಗೂ ಹೋಗುತ್ತೆ. ರಕ್ತ ಪರೀಕ್ಷೆಗೆ ಕಳಿಸ್ತೀನಿ, ಆದ್ರೆ ಇವತ್ತಿಂದಾನೇ ಇವರು ಆ ಬಣ್ಣ ಮುಟ್ಟೋ ಹಾಗಿಲ್ಲ." ಚೀಟಿ ಬರೆಯುತ್ತ ಕೇಳಿದಳು: "ನಿಮಗೆ ಎಷ್ಟು ಬಸುರು ಆಗಿತ್ತು ಅಜ್ಜಿ?"

ಎಂಟು ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಒಣಗಿತು.

"ಐದು," ಎಂದಳು ಗೋಲಜ್ಜಿ.

"ಉಳಿದಿದ್ದು?"

"ಒಂದು."

ಸೊಸೆ ತಲೆಯೆತ್ತಿ ಅತ್ತೆಯನ್ನು ನೋಡಿದಳು. ಅತ್ತೆಯ ಬಾಯಲ್ಲಿ ಉಪ್ಪುಖಾರ ಹಚ್ಚದ ಲೆಕ್ಕ ಅವಳು ಕೇಳಿದ್ದು ಅದೇ ಮೊದಲು.

ಸೊಸೆಯನ್ನು ಮನೆಗೆ ಬಿಟ್ಟು ಗೋಲಜ್ಜಿ ನೇರ ಕಾರ್ಖಾನೆಗೆ ಹೋದಳು. ಬಿಳಿ ಪುಡಿಯ ಡಬ್ಬ ಮೂಲೆಯಲ್ಲಿತ್ತು. ವರ್ಷಗಟ್ಟಲೆ ಬಣ್ಣ ಸುರಿದು ಸುರಿದು ಅದರ ಮೈಮೇಲೆ ಬೆರಳು ದಪ್ಪದ ಪದರ ಕಟ್ಟಿತ್ತು. ಚಾಕು ತೆಗೆದುಕೊಂಡು ಕೆರೆಯತೊಡಗಿದಳು. ನೀಲಿ ಹೋಯಿತು, ತುಕ್ಕುಬಣ್ಣ ಹೋಯಿತು, ಕೆನೆ ಹೋಯಿತು. ಕೆಳಗೆ ಅಕ್ಷರಗಳಿದ್ದವು, ಅವಳಿಗೆ ಓದಲು ಬಾರದು. ಅಕ್ಷರಗಳ ಪಕ್ಕದಲ್ಲಿ ಒಂದು ತಲೆಬುರುಡೆಯಿತ್ತು. ಅದನ್ನು ಓದಲು ಯಾವ ಶಾಲೆಯೂ ಬೇಕಾಗಿರಲಿಲ್ಲ.

"ಮೇಷ್ಟ್ರೇ," ಎಂದಳು, "ಕೋಟಿ ಮೈಲಿ ಆಚೆ ಇರೋ ಶುಕ್ರನ ಮೇಲೆ ಸೀಸ ಕರಗೋದು ನಿಮಗೆ ಗೊತ್ತಿತ್ತು. ಈ ಮೂಲೇಲಿರೋದು ಗೊತ್ತಿರಲಿಲ್ವಾ?"

ಮೇಷ್ಟ್ರು ಕನ್ನಡಕ ಹಾಕಿಕೊಂಡು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬಣ್ಣ ಮಾಸಲ್ಲ ಅಂತ ತಂದಿದ್ದೆ," ಎಂದರು. "ನೀವು ಬಾಯಿಗಿಡೋದು... ದಿನಾ ನೋಡ್ತಿದ್ದೆ. ನೋಡ್ತಾನೇ ಇದ್ದೆ." ಸ್ಟೂಲಿನ ಮೇಲೆ ಕುಸಿದು ಕೂತರು. ಮೇಜಿನ ಸುತ್ತ ಇದ್ದ ನಾಲ್ವರು ಹೆಂಗಸರು ಒಬ್ಬೊಬ್ಬರಾಗಿ ಕುಂಚ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡರು.

ಮೆಟ್ಟಿಲಿಳಿಯುತ್ತಿದ್ದ ಗೋಲಜ್ಜಿ ಅರ್ಧದಲ್ಲೇ ನಿಂತಳು. ಮಗ ಹುಟ್ಟಿದ ವರ್ಷ ನೆನಪಾಯಿತು. ಆ ವರ್ಷ ಕಾರ್ಖಾನೆಯ ಸೂರು ಕುಸಿದು ಹತ್ತು ತಿಂಗಳು ಬಾಗಿಲು ಮುಚ್ಚಿತ್ತು. ಕೆಲಸವಿಲ್ಲ, ಗಂಡ ಮಲಗಿದ್ದಾನೆ, ಹೊಟ್ಟೆಗೆ ಗಂಜಿಯ ತಿಳಿ. ಇಂಥ ಕೆಟ್ಟ ವರ್ಷ ಶತ್ರುವಿಗೂ ಬೇಡ ಎಂದು ಬಿದ್ದ ಸೂರಿಗೆ ಹಿಡಿಶಾಪ ಹಾಕಿದ್ದಳು. ಆ ಹತ್ತು ತಿಂಗಳು ಅವಳ ಬಾಯಿಗೆ ಕುಂಚ ಬಂದಿರಲಿಲ್ಲ. ಸೂರು ಬಿದ್ದದ್ದರಿಂದ ಮಗ ಉಳಿದ. ಮೂರನೆಯದಾಗಿದ್ದರಿಂದ ಅಲ್ಲ.

ಮನೆಯಲ್ಲಿ ಸೊಸೆ ಕಾಯುತ್ತಿದ್ದಳು.

"ಅತ್ತೆ, ನೀವೂ ಇದನ್ನೇ ನೆಕ್ಕುತ್ತಿದ್ರಲ್ಲ? ಆದ್ರೂ ಮೂರನೇದು ಉಳೀತಲ್ಲ?"

ಕಿಟಕಿಯ ಮೇಲೆ ಆ ಪುಟ್ಟ ನೀಲಿ ಗೋಲ ಕೂತಿತ್ತು. ಮೂವತ್ತೈದು ವರ್ಷ ಬಾಯಿಗೆ ಬಂದದ್ದೆಲ್ಲ ಆಡಿದ ನಾಲಿಗೆ ಆಗ ಒಂದೇ ಒಂದು ನಿಜ ಹೇಳಬೇಕಿತ್ತು.

"ಉಳೀತು ಕಣೇ," ಎಂದಳು ಗೋಲಜ್ಜಿ. "ಕಲ್ಲುಗುಂಡಿನ ಹಾಗೆ."

ಏಳನೆಯ ತಿಂಗಳು ತುಂಬುವ ಮೊದಲೇ, ಒಂದು ಮಧ್ಯಾಹ್ನ, ಸೊಸೆಗೆ ನೋವು ಬಂತು. ಕೂಸು ಹೆಣ್ಣು. ಅಳಲಿಲ್ಲ. ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿ ಗೋಲಜ್ಜಿಯ ಕೈಗೆ ಕೊಟ್ಟಾಗ ಅದರ ತೂಕ ಗುರುವಿನ ಗೋಲದಷ್ಟೂ ಇರಲಿಲ್ಲ. ಅವಳು ಉತ್ಪ್ರೇಕ್ಷೆ ಮಾಡಲಿಲ್ಲ. ಕೈಗೆ ಆ ತೂಕ ಗೊತ್ತಿತ್ತು.

ಸೊಸೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಾಗೆಯೇ ಹೇಳಿದಳು: "ಅತ್ತೆ, ಇದು ಮೂರನೇದಾಗಿತ್ತು."

ಗೋಲಜ್ಜಿ ಮಂಚದ ತುದಿಗೆ ಕೂತಳು. ಸೂರು ಬಿದ್ದ ವರ್ಷದ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ.

"ಇದು ನಿಮಗೆ ಆವತ್ತೇ ಗೊತ್ತಿತ್ತಾ?"

"ಆವತ್ತೇ ಗೊತ್ತಾಯ್ತು."

"ಹೇಳಿದ್ರೆ ಏನಾಗ್ತಿತ್ತು?"

"ಏನೂ ಆಗ್ತಿರಲಿಲ್ಲ. ನೀನು ಒಂದು ತಿಂಗಳು ಮುಂಚೆ ಅಳ್ತಿದ್ದೆ."

"ಅಳ್ತಿದ್ದೆ," ಎಂದಳು ಸೊಸೆ. "ಹೊಟ್ಟೇಲಿರೋವಾಗ್ಲೇ ಅತ್ತಿದ್ರೆ, ಅದರ ಜೊತೆ ಅತ್ತ ಹಾಗಾದ್ರೂ ಆಗ್ತಿತ್ತು."



ಡಬ್ಬ ಕೆರೆದ ದಿನವೇ ಮುಚ್ಚಿದ್ದ ಕಾರ್ಖಾನೆ ಮೂರು ತಿಂಗಳಿಗೆ ಮತ್ತೆ ಬಾಗಿಲು ತೆಗೆಯಿತು. ಹೊಟ್ಟೆ ಕೇಳಬೇಕಲ್ಲ. ಬಣ್ಣ ಬೇರೆ ಬಂತು. ಒಂದೇ ವರ್ಷಕ್ಕೆ ಮಾಸುವಂಥದ್ದು. ಮೇಷ್ಟ್ರು ಮೊದಲಿನ ಹಾಗೆ ಪಾಠ ಮಾಡುತ್ತಿರಲಿಲ್ಲ. ಸೊಸೆಯೂ ಬಂದಳು. ಪ್ರತಿಯೊಬ್ಬರ ಮುಂದೆ ಒಂದು ಲೋಟ ನೀರು, ಒಂದು ಒದ್ದೆ ಬಟ್ಟೆ ಅವಳೇ ಇಟ್ಟಳು, ಯಾರೂ ಹೇಳಿರಲಿಲ್ಲ. ಬಟ್ಟೆಯಲ್ಲಿ ಒತ್ತಿದ ಕುಂಚ ತುಟಿಯಲ್ಲಿ ಹೊರಳಿಸಿದಷ್ಟು ಚೂಪಾಗಲಿಲ್ಲ.

ಗೋಲಜ್ಜಿಯ ಮಣಿಕಟ್ಟು ಸೀಸಕ್ಕೆ ಸೋತು, ಬಾಡಿದ ಎಲೆಯಂತೆ ಜೋಲುತ್ತಿತ್ತು. ಎಡಗೈಯಿಂದ ಬಲಗೈಯನ್ನು ಆನಿಸಿಕೊಂಡು ಗುರುವಿನ ಒಂದು ಪಟ್ಟೆ ಎಳೆದಳು. ತುದಿ ಬಿರಿಯಿತು. ಮೂವತ್ತೈದು ವರ್ಷದ ಅಭ್ಯಾಸ, ಕೈ ತಾನಾಗಿ ಬಾಯಿಯ ಕಡೆ ಏರಿತು.

ಸೊಸೆ ಮೇಜಿನಾಚೆಯಿಂದ ಬಾಗಿ ಆ ಕೈಯನ್ನು ಹಿಡಿದಳು. ಬಿಗಿಯಾಗಿಯೇ ಹಿಡಿದಳು, ನೋವಾಗುವಷ್ಟು. ಕುಂಚವನ್ನು ಬಿಡಿಸಿಕೊಂಡು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅತ್ತೆಯ ಬೆರಳುಗಳ ನಡುವೆ ಸಿಕ್ಕಿಸಿದಳು. ಮುಖ ನೋಡಲಿಲ್ಲ.

ಸಂಜೆ ಮೇಷ್ಟ್ರು ಸೊಸೆ ಮಾಡಿದ ಭೂಮಿಯನ್ನು ಬೆಳಕಿಗೆ ಹಿಡಿದರು. "ದಡ ಸ್ವಲ್ಪ ಒರಟಾಯ್ತಲ್ಲಮ್ಮ," ಎಂದರು ಮೆಲ್ಲಗೆ.

ಒಂದು ಕಾಲದಲ್ಲಿ ಗೋಲಜ್ಜಿ ಇಂಥ ದಡ ನೋಡಿದ್ದರೆ, ಇದನ್ನು ಇಲಿ ಕಚ್ಚಿದೆಯೋ ಸೊಸೆ ಬಿಡಿಸಿದಳೋ ಎಂದು ಮೇಜನ್ನೆಲ್ಲ ನಗಿಸುತ್ತಿದ್ದಳು. ಈಗ ಎಲ್ಲರೂ ಅವಳ ಬಾಯಿಯನ್ನೇ ನೋಡಿದರು.

"ಹಾಗೇ ಕಳಿಸಿ ಮೇಷ್ಟ್ರೇ," ಎಂದಳು. ಒಸಡಿನ ಗೆರೆ ಕಾಣದಂತೆ, ಬಾಯಿ ಪೂರ್ತಿ ತೆರೆಯದೆ ಮಾತಾಡುವುದನ್ನು ಆಸ್ಪತ್ರೆಯಿಂದ ಬಂದ ಮೇಲೆ ಅವಳು ಕಲಿತಿದ್ದಳು.