ಯುಫೇಮಿಯಾ ಕಾಯ್ದ ಗೇಟು

"ನಿಲ್ಸಿ, ನಿಲ್ಸಿ! ಕಮಾನಿಗೆ ತಾಗ್ತದೆ!" ಮದರ್ ಲಿಯೊನಾರ್ಡಾ ಕೂಗಿದರು.

ಶವಪೆಟ್ಟಿಗೆ ಹೊತ್ತ ನಾಲ್ವರು ನಿಂತರು. ಕಾನ್ವೆಂಟಿನ ಗೇಟಿಗೆ ಕಾಗದದ ಹೂಗಳ ಕಮಾನು ಕಟ್ಟಿತ್ತು: 'ಯುವಜನರ ಸೇವೆಯಲ್ಲಿ ಐವತ್ತು ವರ್ಷ'. ಒಂಬತ್ತಕ್ಕೆ ಬಿಷಪ್ ಬರುವವರಿದ್ದರು. ಸಿಸ್ಟರ್ ಯುಫೇಮಿಯಾ ತೀರಿಕೊಂಡದ್ದು ಮೊನ್ನೆ. ಹಬ್ಬಕ್ಕೆ ಮೊದಲೇ ಮುಗಿಯಲಿ ಎಂದು ಬೆಳಗಿನ ಆರಕ್ಕೇ ಮಣ್ಣಿಗೆ ಒಯ್ಯುತ್ತಿದ್ದರು.

"ಹಿತ್ತಲಿಂದ ಹೋಗಿ."

"ಐವತ್ತು ವರ್ಷ ಈ ಗೇಟು ಕಾದವಳು ಮದರ್," ಅಡುಗೆಮನೆಯ ಸಿಸ್ಟರ್ ಬ್ರಿಜಿಡಾ ಅಂದರು.

"ನಂಗೇನು ಇಷ್ಟಾನಾ ಬ್ರಿಜಿಡಾ? ಮಕ್ಕಳು ಎರಡು ದಿನ ಕೂತು ಕಟ್ಟಿದ್ದು ಅದು."

ಪೆಟ್ಟಿಗೆ ತಿರುಗಿತು. ಹೊತ್ತವರು ಹಬ್ಬಕ್ಕೆ ಹಂದಿ ಸುಡಲು ಬಂದಿದ್ದ ಆಳುಗಳು. ಅಂಗಿಯ ತುಂಬ ಹೊಗೆಯ ವಾಸನೆ. ಹಿಂದೆ ಪಾದ್ರಿ, ಬ್ರಿಜಿಡಾ, ಬಟ್ಟೆ ಒಗೆಯುವ ಟ್ರಿನಿಂಗ್, ಅಷ್ಟೇ. ಹಾಸ್ಟೆಲಿನ ಹುಡುಗಿಯರನ್ನು ಎಬ್ಬಿಸಿರಲಿಲ್ಲ.

"ಅತ್ತು ಮುಖ ಊದಿದ್ರೆ ಕುಣಿಯೋದು ಹೇಗೆ ಅಂದ್ರು ಮದರ್," ಬ್ರಿಜಿಡಾ ಅಂದರು.

"ಅಳೋಕೆ ಅವಕ್ಕೆ ಇವರ ಹೆಸರು ಗೊತ್ತಿದ್ರೆ ತಾನೆ ಸಿಸ್ಟರ್?" ಅಂದಳು ಟ್ರಿನಿಂಗ್. " ಎಲ್ಲಾ 'ಗೇಟಜ್ಜಿ' ಅಂತಿದ್ವು."

"ಹಾಗಂದ್ರೆ ಬೈತಿದ್ಳು. ಒಳಗೊಳಗೇ ಖುಷಿ."

*

ಮೂವತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಕಬ್ಬಿನ ತೋಟದ ಕೂಲಿಯೊಬ್ಬ ಗೇಟಿಗೆ ಬಂದ. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಮಗಳು ಡಿವಿನಾಳನ್ನು ಮನಿಲಾದ ಒಂದು ಮನೆಗೆ ಕೆಲಸಕ್ಕೆ ಒಪ್ಪಿಸಿದ್ದ. ಸಂಜೆಯ ಹಡಗಿಗೆ ಕರೆದೊಯ್ಯಬೇಕಿತ್ತು.

"ಬೀಗದ ಕೈ ಕಳ್ದೋಗಿದೆ," ಅಂದರು ಯುಫೇಮಿಯಾ.

"ಸೊಂಟದಲ್ಲೇ ನೇತಾಡ್ತಿದೆಯಲ್ಲ ಸಿಸ್ಟರ್!"

"ಅದು ಬೇರೆ ಬೀಗದ್ದು. ನನ್ನ ಹೆಸರು ಯುಫೇಮಿಯಾ. ದೂರು ಕೊಡೋದಿದ್ರೆ ನಾಳೆ ಬಾ."

ಅವನು ಬೈದ, ಕಂಬಿ ಅಲ್ಲಾಡಿಸಿದ, ಕೊನೆಗೆ ಅತ್ತುಬಿಟ್ಟ. ಬ್ರಿಜಿಡಾ ಅಡುಗೆಮನೆಯಿಂದ ತಂದ ಅನ್ನ, ಒಣಮೀನನ್ನು ಕಂಬಿಯ ಸಂದಿಯಿಂದ ಅವನಿಗೆ ಕೊಟ್ಟು ಯುಫೇಮಿಯಾ ಅಲ್ಲೇ ಕುಳಿತರು. ಬಂದರಿನಲ್ಲಿ ಹಡಗು ಕೂಗಿದ ಮೇಲೆಯೇ ಎದ್ದದ್ದು. ಮಗಳನ್ನು ಕರೆದೊಯ್ಯಲು ಅವನು ಮತ್ತೆಂದೂ ಬರಲಿಲ್ಲ. ತರಗತಿಯಲ್ಲಿದ್ದ ಡಿವಿನಾಗೆ ಇದಾವುದೂ ತಿಳಿಯಲಿಲ್ಲ.

"ಸುಳ್ಳು ಹೇಳ್ಬಿಟ್ಟೆ ಕಣೆ," ಎಂದು ಬ್ರಿಜಿಡಾಗೆ ಮಾತ್ರ ಹೇಳಿದರು. "ಆ ಮಗೂಗೆ ಹೇಳ್ಬೇಡ. ನಾಳೆ ಅಪ್ಪನ ಮುಖ ನೋಡ್ಬೇಕಲ್ಲ ಅದು."

*

ಹತ್ತು ಗಂಟೆಗೆ ಮುಖ್ಯ ಅತಿಥಿ, ಡಾಕ್ಟರ್ ಡಿವಿನಾ, ವೇದಿಕೆಯ ಮೇಲೆ ಮಾತಾಡುತ್ತಿದ್ದರು.

"ನನ್ನ ಜೊತೆಯವರನ್ನ ಒಬ್ಬೊಬ್ರನ್ನಾಗಿ ಮನೆಯವರು ಕೆಲಸಕ್ಕೆ ಕರ್ಕೊಂಡು ಹೋದ್ರು. ನಮ್ಮಪ್ಪ ಮಾತ್ರ ಒಂದು ದಿನಾನೂ ಹಾಗೆ ಬರಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವರದ್ದು."

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಮುದುಕನೊಬ್ಬ ಮಡಿಲಲ್ಲಿದ್ದ ಟೊಪ್ಪಿಯನ್ನೇ ನೋಡುತ್ತ ಕುಳಿತಿದ್ದ. ಬ್ರಿಜಿಡಾ ಅವನನ್ನು ಗುರುತು ಹಿಡಿದರು.

ಕೆಳಗಿಳಿದ ಡಿವಿನಾ ತಂದೆಯ ಕೈ ಹಿಡಿದುಕೊಂಡೇ ಬಂದರು. "ಸಿಸ್ಟರ್ ಬ್ರಿಜಿಡಾ! ಗೇಟಲ್ಲಿ ಒಬ್ರು ಇರ್ತಿದ್ರಲ್ಲ, ಹೇಗಿದ್ದಾರೆ?"

"ಬೆಳಿಗ್ಗೆ ಮಣ್ಣು ಮಾಡಿದ್ವಿ ಮಗಳೇ."

"ಅಯ್ಯೋ! ಏನವರ ಹೆಸರು... ನಾಲಿಗೆ ತುದೀಲಿದೆ..."

"ಯುಫೇಮಿಯಾ," ಅಂದ ಮುದುಕ.

"ನಿಂಗೆ ಹೇಗೆ ಗೊತ್ತಪ್ಪಾ?"

ಅವನು ಬ್ರಿಜಿಡಾರತ್ತ ನೋಡಿದ.

"ಇಂಥ ಹೆಸರು ಊರಿಗೆಲ್ಲ ಗೊತ್ತಿರ್ತದೆ," ಎಂದರು ಬ್ರಿಜಿಡಾ.

ಅಷ್ಟರಲ್ಲಿ ಯಾರೋ ಡಿವಿನಾರನ್ನು ಬಿಷಪ್ಪರ ಬಳಿಗೆ ಕರೆದೊಯ್ದರು.

"ಎಲ್ಲಿ ಮಣ್ಣು ಮಾಡಿದ್ದು?" ಮುದುಕ ಮೆಲ್ಲಗೆ ಕೇಳಿದ. ಬ್ರಿಜಿಡಾ ಗುಡ್ಡದ ಕಡೆ ಕೈ ತೋರಿಸಿದರು.

ಮೊದಲ ತಂಡದ ಸಿಸ್ಟರುಗಳನ್ನು ಫೋಟೋಗೆ ಸಾಲಾಗಿ ನಿಲ್ಲಿಸಿದರು. "ನಡುವೆ ಖಾಲಿ ಇದೆ, ಸ್ವಲ್ಪ ಒತ್ಕೊಳ್ಳಿ ಸಿಸ್ಟರ್," ಎಂದ ಫೋಟೋ ತೆಗೆಯುವವ. ಉಳಿದವರು ಒತ್ತಿಕೊಂಡರು. ಬ್ರಿಜಿಡಾ ಕದಲಲಿಲ್ಲ. ಅವರ ಪಕ್ಕದ ಖಾಲಿ ಜಾಗದಲ್ಲಿ, ದೂರದಲ್ಲಿ, ಟೊಪ್ಪಿ ಕೈಯಲ್ಲಿ ಹಿಡಿದು ಒಬ್ಬನೇ ಗುಡ್ಡ ಹತ್ತುತ್ತಿದ್ದ ಮುದುಕನ ಬೆನ್ನು ಕಾಣುತ್ತಿತ್ತು.