ಒಂದೇ ದಿನದ ಮಟ್ಟಿಗೆ

ನನ್ನ ತಮ್ಮ ಬ್ಯಾಂಕ್ ಮ್ಯಾನೇಜರ್. ಅದೇ ನಮ್ಮ ಗ್ರಹಚಾರ. ಹೊರಗಿನವರು ಹೇಳಿದ್ದರೆ ನನ್ನ ಗಂಡ ನಾಲ್ಕು ಸಲ ಯೋಚಿಸುತ್ತಿದ್ದರು. ಹೇಳಿದವನು ಭಾವಮೈದುನ, ಕಣ್ಣು ಮುಚ್ಚಿ ನಂಬಿದರು.

ನಮ್ಮದು ಐಸ್ ಫ್ಯಾಕ್ಟರಿ. ಮನೆಯ ಹಿಂದಿನ ಶೆಡ್ಡಿನಲ್ಲಿ ಹಗಲೂ ರಾತ್ರಿ ಮೆಷಿನ್ ಗುಡುಗುಡು ಅನ್ನುತ್ತಿತ್ತು. ಮೀನಿನ ಲಾರಿಯವರು ಐಸ್ ಗಡ್ಡೆ ಇವತ್ತು ಒಯ್ದರೆ ದುಡ್ಡು ಮುಂದಿನ ತಿಂಗಳು ಕೊಡುವವರು. ಅಲ್ಲಿಯವರೆಗೆ ಕರೆಂಟ್ ಬಿಲ್ಲು, ಕೂಲಿ ಎಲ್ಲ ಬ್ಯಾಂಕಿನ ಸಾಲದಲ್ಲೇ ನಡೆಯಬೇಕು.

ವರ್ಷದ ಲೆಕ್ಕ ಮುಗಿಯುವ ದಿನ ತಮ್ಮ ಓಡಿ ಬಂದ.

"ಭಾವ, ಸಾಲ ಪೂರ್ತಿ ಕಟ್ಟಿಬಿಡಿ, ಒಂದೇ ದಿನ. ಕೊಟ್ಟ ಸಾಲಕ್ಕೆ ತಕ್ಕಷ್ಟು ಸ್ವಂತ ಬಂಡವಾಳ ಬ್ಯಾಂಕಿಗಿರ್ಬೇಕು ಅಂತ ಮೇಲಿನವರ ನಿಯಮ. ನಮ್ಮದು ಸಾಲ್ತಿಲ್ಲ. ಸಾಲ ಇಳಿದ್ರೆ ಲೆಕ್ಕ ಸರಿಹೋಗುತ್ತೆ. ನಾಳೆ ಬೆಳಿಗ್ಗೆ ವಾಪಸ್ ಕೊಡ್ತೀನಿ. ಪ್ರತಿ ವರ್ಷ ಮಾಡ್ತಿಲ್ವಾ?"

ಹೌದು, ಪ್ರತಿ ವರ್ಷ ಮಾಡುತ್ತಿದ್ದೆವು. ಇವರು ಕರೆಂಟ್ ಬಿಲ್ಲಿಗೆ ಇಟ್ಟಿದ್ದನ್ನೂ ಸೇರಿಸಿ ಕಟ್ಟಿದರು. ಕಮ್ಮಿ ಬಿದ್ದದ್ದಕ್ಕೆ ನನ್ನ ಬಳೆ ಗಿರವಿಗೆ ಹೋಯಿತು. ಒಂದು ದಿನ ತಾನೆ ಅಂತ ನಾನೇ ಬಿಚ್ಚಿಕೊಟ್ಟೆ.

ಮರುದಿನ ಬ್ಯಾಂಕಿಗೆ ಹೋದರೆ ತಮ್ಮ ತಲೆ ಎತ್ತಲಿಲ್ಲ. ಸಣ್ಣಪುಟ್ಟವರಿಗೆ ಹೊಸ ಸಾಲ ಬಂದ್ ಅಂತ ಹೆಡ್ ಆಫೀಸಿನಿಂದ ಆದೇಶ. ನಮ್ಮದು ಹೊಸದಲ್ಲವಲ್ಲ ಮಾರಾಯ ಅಂದರೆ, ಮುಚ್ಚಿದ್ದನ್ನು ತೆರೆದರೆ ಅದೂ ಹೊಸದೇ ಅಂತೆ! ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

ವಾರದೊಳಗೆ ಕರೆಂಟ್ ಕಿತ್ತರು. ಐಸ್ ಕರಗಿ ಅಂಗಳದಲ್ಲೆಲ್ಲ ಹರಿಯಿತು. ಇವರು ಅದರಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಲಾರಿಗಳು ಬೇರೆ ಕಡೆ ತಿರುಗಿದವು. ಮೆಷಿನ್ ಸದ್ದಿಲ್ಲದೆ ಇವರಿಗೆ ನಿದ್ದೆ ಹತ್ತದು.

ತಮ್ಮ ಒಮ್ಮೆ ಬಂದಿದ್ದ. "ಅಕ್ಕಾ, ಹೀಗೆ ಬಿಗಿ ಮಾಡದಿದ್ರೆ ಬ್ಯಾಂಕೇ ಮುಳುಗ್ತಿತ್ತು. ಅಮ್ಮನ ಡಿಪಾಸಿಟ್ಟೂ ಅಲ್ಲೇ ಇದೆಯಲ್ಲ?"

ಸುಳ್ಳಲ್ಲ. ಅಮ್ಮನ ಮಾತ್ರೆ ಬರುವುದೂ ಆ ಬಡ್ಡಿಯಲ್ಲೇ. ಅದಕ್ಕೇ ಬಾಯಿಬಿಟ್ಟು ಬೈಯಲೂ ಆಗಲಿಲ್ಲ. ಬ್ಯಾಂಕು ಗಟ್ಟಿಯಾಗಿದೆ, ಲಾಭ ಏರಿದೆ ಅಂತ ಪೇಪರಿನಲ್ಲೂ ಬಂತು.

ಕೊನೆಗೆ ಮೆಷಿನ್ ಗುಜರಿಗೆ ಹೋಯಿತು. ಅವತ್ತೇ ತಮ್ಮನ ಫೋನು.

"ಅಕ್ಕಾ, ಗುಜರಿಯವನ ಚೆಕ್ ನಮ್ಮಲ್ಲೇ ಹಾಕು. ಮೂರು ತಿಂಗಳ ಲೆಕ್ಕ ಇವತ್ತು ಮುಗಿಯುತ್ತೆ, ಡಿಪಾಸಿಟ್ ಕಮ್ಮಿ ಬಿದ್ದಿದೆ. ಒಂದೇ ದಿನದ ಮಟ್ಟಿಗೆ."

"ಆಗ್ಲಿ ಕಣೋ," ಅಂದೆ. "ಇವತ್ತು ಭಾವನ ಮೆಷಿನ್ ತಂದು ಶೆಡ್ಡಲ್ಲಿಡು. ನಾಳೆ ಬೆಳಿಗ್ಗೆ ಚೆಕ್ ಹಾಕ್ತೀನಿ."

ನಾನು ಫೋನ್ ಇಟ್ಟೆ.

"ಯಾರೇ ಅದು?" ಇವರು ಒಳಗಿನಿಂದ ಕೇಳಿದರು.

"ಬ್ಯಾಂಕಿನವರು," ಅಂದೆ.