ಕಲಾಯಿಯವನ ಮನೆಯ ಭೋಗೋಣಿ

ನೆರೆಮನೆಯ ಸಕ್ಕುಬಾಯಿ ತಂದ ಹುಳಿ ಪುಂಡಿಪಲ್ಯವನ್ನು ಅಮೀರುನ್ನಿಸಾ ತನ್ನ ಮನೆಯ ಹಿತ್ತಾಳೆ ಭೋಗೋಣಿಗೆ ಬಗ್ಗಿಸಿಕೊಳ್ಳುತ್ತಿದ್ದಳು. ಗಂಡನ ಜನಾಜಾ ಓಣಿ ದಾಟಿ ಇನ್ನೂ ಅರ್ಧ ತಾಸಾಗಿರಲಿಲ್ಲ. ಸಾವಾದ ಮನೆಯಲ್ಲಿ ಮೂರು ದಿನ ಒಲೆ ಹೊತ್ತಿಸುವಂತಿಲ್ಲ, ಓಣಿಯವರೇ ರೊಟ್ಟಿ ಪಲ್ಯ ತರಬೇಕು. ತಂದವರ ಭಾಂಡೆಯನ್ನು ಇಟ್ಟುಕೊಳ್ಳದೆ ಅಲ್ಲಿಂದಲ್ಲಿಗೇ ತೊಳೆದು ಕೊಡುವುದು ಅಮೀರುನ್ನಿಸಾಳ ರೂಢಿ. ಇವತ್ತೂ ಅವಳ ಕೈ ಅದನ್ನು ಮರೆತಿರಲಿಲ್ಲ.

ಗೋಡೆಗೊರಗಿ ಕುಳಿತ ಹಿರಿಮಗಳು ಫಕ್ರುನ್ನಿಸಾ ಆ ಭೋಗೋಣಿಯನ್ನೇ ನೋಡುತ್ತಿದ್ದಳು. ತಂದೆಗೆ ಉಬ್ಬಸ ಹೆಚ್ಚಾಯಿತೆಂದು ಸುದ್ದಿ ಬಂದು, ಜೇವರ್ಗಿಯ ಗಂಡನ ಮನೆಯಿಂದ ಮಾದನಹಿಪ್ಪರಗಾಕ್ಕೆ ಬಂದು ನಾಲ್ಕು ದಿನವಾಗಿತ್ತು. ನಾಲ್ಕೂ ದಿನ ಒಂದೂವರೆ ವರ್ಷದ ತಮ್ಮ ಮುರ್ತುಜಾನನ್ನು ತೊಡೆಯಿಂದ ಇಳಿಸಿರಲಿಲ್ಲ. ಮಣ್ಣಿನ ಕುಡಿಕೆಯಲ್ಲಿ ಆಡಿನ ಹಾಲು ಕುಡಿಸಿ, ಕೂಸಿನ ಹೊಟ್ಟೆ ಕೆಟ್ಟಿದೆ ಎಂದು ತಾಯಿಗೆ ಸುಳ್ಳು ಹೇಳಿದ್ದಳು. ಇವತ್ತು ಆ ಸುಳ್ಳು ನಡೆಯುವುದಿಲ್ಲ. ಅಪ್ಪನಿಲ್ಲದ ಕೂಸಿನ ಬಾಯಿಗೆ ಒಂದು ತುತ್ತು ಹಾಕದೆ ತಾಯಿ ಬಿಡುವುದಿಲ್ಲ.

ಅಬ್ಬಾ ಇರುವ ತನಕ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದಳು. ಅಬ್ಬಾ ಈಗ ಇರಲಿಲ್ಲ.

ಆ ವರ್ಷ ಗಡಿಯಲ್ಲೆದ್ದ ಹಿಂದೂ-ಮುಸಲ್ಮಾನರ ಗದ್ದಲದಲ್ಲಿ ಓಣಿಯ ಮಂದಿ ಒಬ್ಬರ ಮನೆಗೆ ಒಬ್ಬರು ಹೋಗುವುದನ್ನೇ ಬಿಟ್ಟಿದ್ದರು. ಮುಸಲ್ಮಾನರ ಮನೆಯ ಸಾವಿಗೆ ಹೋಗಬೇಡವೆಂದು ಸಕ್ಕುಬಾಯಿಯ ಮೈದುನ ಬಾಗಿಲಿಗೆ ಅಡ್ಡ ನಿಂತನಂತೆ. ಅವಳು ಅವನನ್ನು ಸರಿಸಿ ಬಂದಿದ್ದಳು. ಕುಳಿತಲ್ಲಿಂದಲೇ ತೀರಿಹೋದ ರಾಜೇಸಾಬನ ಗುಣಗಾನ ಮಾಡುತ್ತಿದ್ದಳು.

"ಲಡಾಯಿ ಕಾಲಕ್ಕ ಸುತ್ತಿನ ಊರ ಕಲಾಯಿಯವರೆಲ್ಲ ತವರದಾಗ ಸೀಸಾ ಬೆರೆಸಿದ್ರು. ಬೆರಳು ತಿಕ್ಕಿದ್ರ ಕಾಡಿಗಿ ಹತ್ತಿದಂಗ ಹತ್ತತಿತ್ತು. ನಮ್ಮ ರಾಜೇಸಾಬ ಮಾಡಿದ್ದು ತಿಕ್ಕಿ ನೋಡ್ರಿ, ಕೈ ಕೈಯಾಗೇ ಇರ್ತದ."

ಚರಿಗೆಯಲ್ಲಿ ನೀರು ತರಲು ಹೋಗಿದ್ದ ಏಳು ವರ್ಷದ ಶಮ್ಸುನ್ನಿಸಾ ಕಸಬರಿಗೆ ಹಿಡಿದು ನಗುತ್ತಾ ಬಂದಳು. ಸಕ್ಕುಬಾಯಿ ಅವಳ ತಲೆ ಸವರಿ, ಅಕ್ಕನ ಚಾಲಾಕಿ ಈಕೆಗೆ ಬರಲಿಲ್ಲ ನೋಡು ಎಂದು ಮರುಗಿದಳು. ಆ ಮಾತು ಮನೆಗೆ ಹೊಸದಲ್ಲ. ಹುಡುಗಿಗೆ ಜ್ವರವಿಲ್ಲ, ಕೆಮ್ಮಿಲ್ಲ, ಮೈಕೈ ತುಂಬಿಕೊಂಡಿದ್ದಳು. ಹೇಳಿದ್ದು ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

*

ಹಿತ್ತಾಳೆಯ ಒಳಮೈಗೆ ತವರ ಹಚ್ಚಿ ಕಲಾಯಿ ಮಾಡಲು ರಾಜೇಸಾಬ ಊರೂರಿನ ಅಂಗಳದಲ್ಲಿ ಕುಣಿ ತೋಡಿ, ತಿದಿ ಹೂಡಿ ಕುಳಿತರೆ ಒಂದು ತಾಸಿನಲ್ಲಿ ಮೂವತ್ತು ನಲವತ್ತು ಭಾಂಡೆ ಬಂದು ಬೀಳುತ್ತಿದ್ದವು. ಯಾವುದಕ್ಕೂ ಹೆಸರಿಲ್ಲ, ಗುರುತಿಲ್ಲ. ಯಾವುದು ಯಾರ ಮನೆಯದೆಂದು ನೆನಪಿಡುವುದು ಮಗಳ ಕೆಲಸ. ಆರು ವರ್ಷದ ಫಕ್ರುನ್ನಿಸಾ ಗಲ್ಲಕ್ಕೆ ಕೈಕೊಟ್ಟು ಕುಳಿತು, ಸಂಜೆ ಒಂದೂ ತಪ್ಪದೆ ಮನೆಮನೆಗೆ ಮುಟ್ಟಿಸುತ್ತಿದ್ದಳು. ಅತನೂರಿನ ಹೆಂಗಸರು ಅವಳನ್ನು ಪರೀಕ್ಷೆ ಮಾಡಲೆಂದೇ ತಾಟು ಅದಲು ಬದಲು ಮಾಡಿಟ್ಟು ಸೋತದ್ದುಂಟು.

ಆಮೇಲೆ ದೂರದೇಶದ ದೊಡ್ಡ ಲಡಾಯಿ ಬಂತು, ಹಡಗಿನಲ್ಲಿ ತವರ ಬರುವುದು ನಿಂತಿತು. ಸೋಲಾಪುರದಲ್ಲಿ ಅಂಗೈಯಗಲದ ತುಂಡಿಗೂ ದಿನಗಟ್ಟಲೆ ಕಾಯಬೇಕಾಯಿತು. ಸಿಕ್ಕಷ್ಟನ್ನು ರಾಜೇಸಾಬ ಗಿರಾಕಿಗಳ ಭಾಂಡೆಗೇ ಹಚ್ಚಿದ. ಮಂದಿ ಉಣ್ಣುವುದರಲ್ಲಿ ಸೀಸ ಬೆರೆಸುವುದು ಅವನಿಂದಾಗಲಿಲ್ಲ. ಮನೆಯವಕ್ಕೆ ಅರ್ಧ ತವರ, ಅರ್ಧ ಸೀಸ; ಲಡಾಯಿ ಮುಗಿದರೂ ತವರ ತುಟ್ಟಿಯಾಗೇ ಇತ್ತು, ಅದೇ ನಡೆಯಿತು. ಸೀಸ ಹೊಟ್ಟೆಗೆ ಭಾರ, ಅಷ್ಟು ಮಾತ್ರ ಕಸುಬಿನವರಿಗೆ ಗೊತ್ತಿದ್ದ ಮಾತು. ತನ್ನ ಮಕ್ಕಳ ಹೊಟ್ಟೆ ಗಟ್ಟಿ, ತಡೆದುಕೊಳ್ಳುತ್ತವೆ ಅಂದುಕೊಂಡ. ಹೆಂಡತಿಗೂ ಹೇಳಲಿಲ್ಲ. ಭೋಗೋಣಿ ಥಳಥಳ ಹೊಳೆಯುತ್ತಿತ್ತು, ಅವಳೂ ಕೇಳಲಿಲ್ಲ.

ಶಮ್ಸು ಆಗ ಅಂಬೆಗಾಲಿಕ್ಕುವ ಕೂಸು. ಅವಳು ದೊಡ್ಡವಳಾಗಿ ತಿದಿಯ ಪಕ್ಕ ಕುಳಿತಾಗ ಮೂರು ಭಾಂಡೆ ಕೂಡ ಸರಿಯಾದ ಮನೆ ಸೇರಲಿಲ್ಲ. ಬೈದರೂ ನಕ್ಕಳು. ರಾಜೇಸಾಬ ಸಂಜೆ ತಾನೇ ಮನೆಮನೆಗೆ ತಿರುಗತೊಡಗಿದ.

*

ಎರಡು ತಿಂಗಳ ಹಿಂದೆ ಅವನು ಜೇವರ್ಗಿಗೆ ಬಂದಿದ್ದ. ಚಹಾ ಕೂಡ ಕುಡಿಯದೆ ಮಗಳ ಅಡುಗೆಮನೆ ಹೊಕ್ಕು, ಒಂದೊಂದೇ ಭಾಂಡೆ ಎತ್ತಿ ಒಳಮೈಗೆ ಹೆಬ್ಬೆರಳು ಉಜ್ಜಿ ಬೆಳಕಿಗೆ ಹಿಡಿದು ನೋಡಿದ. ಎಲ್ಲ ನೋಡಿದ ಮೇಲೆ ಹೊಸ್ತಿಲ ಮೇಲೆ ಕುಳಿತ. ಬರುವಾಗ ಅಫಜಲಪುರದ ಕಡೆ, ಭೀಮೆಯ ದಂಡೆಯಲ್ಲಿ ತಂಗಿದ್ದನಂತೆ. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಎರೆಯುವವನ ಮನೆ. ಒಲೆಯ ಪಕ್ಕದಲ್ಲೇ ಎರಕ, ಪಕ್ಕದಲ್ಲೇ ಮಕ್ಕಳು.

"ಮೂರಕ್ಕ ಮೂರೂ ನಮ್ಮ ಶಮ್ಸು ಇದ್ದಂಗೇ ಅದಾವ ಫಕ್ರು" ಎಂದ. "ನಗ್ತಾವ, ಕುಣೀತಾವ. ಒಂದು ಹೇಳಿದ್ರ ಒಂದು ಮಾಡ್ತಾವ."

ಮನೆಯ ಭೋಗೋಣಿಯ ಗುಟ್ಟನ್ನು ಅವನು ಬಾಯಿಬಿಟ್ಟು ಹೇಳಿದ್ದು ಆವತ್ತೇ. ಸೀಸದಿಂದಲೇ ಶಮ್ಸು ಹೀಗಾದಳೆಂದು ಹಕೀಮರು ಹೇಳಿದರೇ ಎಂದು ಅವಳು ಕೇಳಿದಳು.

"ಯಾರೂ ಹೇಳಿಲ್ಲ. ನನಗೂ ಪಕ್ಕಾ ಗೊತ್ತಿಲ್ಲ ಬೇಟಿ. ಕಣ್ಣಿಗಿ ಕಂಡದ್ದು ಹೇಳಾಕತ್ತೇನಿ."

ಎಲ್ಲ ಕೆರೆದು ಶುದ್ಧ ತವರದಲ್ಲಿ ಮತ್ತೆ ಮಾಡಬೇಕೆಂದರೆ ಗಡಿಯ ಗದ್ದಲಕ್ಕೆ ಸೋಲಾಪುರದ ನಾಕಾ ಮುಚ್ಚಿತ್ತು. ಕೈಯಲ್ಲಿದ್ದ ತವರದ ಕೊನೆಯ ತುಂಡು ಓಣಿಯ ಚಂದ್ರಾಮಪ್ಪನ ಮಗಳ ಮದುವೆಯ ಭಾಂಡೆಗೆಂದು ಮಾತು ಕೊಟ್ಟದ್ದು. ಹಾಗಾದರೆ ಅಮ್ಮನಿಗೆ ಹೇಳು, ಮಣ್ಣಿನ ಗಡಿಗೆಯಲ್ಲಿ ಮಾಡಲಿ ಎಂದಳು ಫಕ್ರುನ್ನಿಸಾ. ಅವನು ಹೆಬ್ಬೆರಳನ್ನು ಧೋತರಕ್ಕೆ ಒರೆಸಿಕೊಂಡ.

"ಅಕಿ ತನ್ನ ಕೈಲೆ ತುತ್ತು ಮಾಡಿ ಉಣಿಸ್ಯಾಳ. ಹ್ಯಾಂಗ ಹೇಳ್ಲಿ? ನಾ ಇರೂತನಕ ನೀನೂ ಹೇಳಬ್ಯಾಡ."

*

ಅಮೀರುನ್ನಿಸಾ ರೊಟ್ಟಿ ಮುರಿದು ಪಲ್ಯದಲ್ಲಿ ಅದ್ದಿ, "ಬಾ ಬೇಟಾ" ಎಂದಳು. ಮುರ್ತುಜಾ ಅಕ್ಕನ ತೊಡೆಯಿಂದ ಜಾರಿ ಪುಟ್ಟ ಹೆಜ್ಜೆ ಹಾಕುತ್ತಾ ಹೊರಟ. ಕಲಾಯಿಯನ್ನು ತಿನ್ನುವ ಹುಳಿ ಆ ಭೋಗೋಣಿಯಲ್ಲಿ ಕುಳಿತು ಆಗಲೇ ಎಷ್ಟೋ ಹೊತ್ತಾಗಿತ್ತು.

ಫಕ್ರುನ್ನಿಸಾ ಎದ್ದಳು. ತಾಯಿಯ ಮುಂದಿನ ಭೋಗೋಣಿಯನ್ನು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದುಬಿಟ್ಟಳು.

ಸಕ್ಕುಬಾಯಿ ಮೆಲ್ಲಗೆ ಸೆರಗು ಸರಿಮಾಡಿಕೊಂಡು ನಿಂತಳು. ಮುಖ ಸಣ್ಣದಾಗಿತ್ತು.

"ನಮ್ಮ ಮನಿ ಊಟ ಬ್ಯಾಡಾಗಿದ್ರ ಮೊದಲೇ ಹೇಳಬೇಕಿತ್ತವ್ವಾ. ನಾ ಬರತಿದ್ದಿಲ್ಲ."

ಅಮೀರುನ್ನಿಸಾ ಹೊಡೆಯಲು ಎತ್ತಿದ ಕೈ ಹಾಗೇ ನಿಂತಿತ್ತು. ಫಕ್ರುನ್ನಿಸಾ ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಸಕ್ಕುಬಾಯಿಗೆ ಅರ್ಥವಾಗದ ಹಾಗೆ ತಮ್ಮ ಮನೆಮಾತಿನಲ್ಲಿ, ಕಿವಿಯ ಹತ್ತಿರ, ಎಲ್ಲ ಹೇಳಿದಳು. ಹೇಳಲು ಬಹಳ ಹೊತ್ತು ಬೇಕಾಗಲಿಲ್ಲ. ತಾಯಿ ಕೇಳಿದ್ದು ಒಂದೇ ಮಾತು, ಹೀಗಾಗುತ್ತದೆಂದು ನಿನ್ನ ಅಬ್ಬಾಗೆ ಗೊತ್ತಿತ್ತೇ? ಕೊನೆಗೆ ಗೊತ್ತಾಯಿತು, ಮೊದಲಿಗಲ್ಲ, ಎಂದಳು ಮಗಳು.

ಅಮೀರುನ್ನಿಸಾ ಬಾಗಿಲಲ್ಲಿ ಕುಳಿತು ಕೋಳಿಮರಿಗೆ ರೊಟ್ಟಿಚೂರು ಎರಚುತ್ತಿದ್ದ ಶಮ್ಸುವಿನ ಕಡೆ ನೋಡಿದಳು. ಆಮೇಲೆ ಪಲ್ಯ ಮೆತ್ತಿದ ತನ್ನ ಬಲಗೈಯನ್ನು ನೋಡಿಕೊಂಡಳು. ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟು, ಎದ್ದು ಹೋಗಿ ತೊಳೆದುಕೊಂಡು ಬಂದಳು.

"ಸಕ್ಕುಬಾಯಿ, ತಪ್ಪು ತಿಳೀಬ್ಯಾಡ" ಎಂದಳು. "ನಮ್ಮ ಭೋಗೋಣಿ ಕಲಾಯಿ ಹೋಗ್ಯಾದ, ಪೋರಿ ಅದಕ್ಕ ಚೆಲ್ಲಿದಳು. ಮನ್ಯಾಗ ಇನ್ನೊಂದೀಟು ಪಲ್ಯ ಇದ್ರ ತಾ. ನಿನ್ನ ಭೋಗೋಣಿ ಈ ಸಲ ಕೊಡಂಗಿಲ್ಲ. ಮೂರು ದಿನ ಇಲ್ಲೇ ಇರ್ಲಿ."

ಸಕ್ಕುಬಾಯಿ ಅವಳ ಮುಖವನ್ನೇ ನೋಡಿದಳು. ಇಪ್ಪತ್ತು ವರ್ಷದ ನೆರೆಯಲ್ಲಿ ಅಮೀರುನ್ನಿಸಾ ಏನನ್ನೂ ಬೇಡಿದವಳಲ್ಲ.

"ಕಲಾಯಿಯವರ ಮನ್ಯಾಗ ಕಲಾಯಿ ಇಲ್ಲಂದ್ರ ಮಂದಿ ನಗ್ತಾರ ಬೇ" ಎಂದಳು. ಕಣ್ಣೊರೆಸಿಕೊಂಡು, ತರಲು ಹೋದಳು.

ಮಣ್ಣು ಮಾಡಿ ಬಂದ ಗಂಡಸರು ಅಂಗಳದಲ್ಲಿ ಕೈಕಾಲು ತೊಳೆದು ಕುಳಿತರು. ಚಂದ್ರಾಮಪ್ಪ ತನ್ನ ಮಗಳ ಮದುವೆಯ ಭಾಂಡೆಗಳ ಮಾತು ತೆಗೆದ. ಅಷ್ಟು ಬೆಳ್ಳಗಿನ ಕಲಾಯಿಯನ್ನು ಬೀಗರ ಊರಲ್ಲಿ ಯಾರೂ ಕಂಡಿರಲಿಲ್ಲವಂತೆ. ಬಾಗಿಲ ಕಡೆ ತಿರುಗಿ, ಒಳಗಿದ್ದವಳಿಗೆ ಕೇಳುವ ಹಾಗೆ ದನಿ ಎತ್ತಿದ.

"ಮಂದಿ ಭಾಂಡೇಕ ಒಂದು ಗುಲಗಂಜಿ ಸೀಸಾ ಹಾಕಿದಂವಲ್ಲ. ಹೌದಿಲ್ಲೋ ತಂಗಿ?"

"ಹೌದ್ರಿ" ಎಂದಳು ಅಮೀರುನ್ನಿಸಾ ಪರದೆಯ ಹಿಂದಿನಿಂದ. "ಮಂದಿ ಭಾಂಡೇಕ ಹಾಕಲಿಲ್ಲ."

ಅವಳ ಒಂದು ಕೈ ಸಕ್ಕುಬಾಯಿಯ ಭೋಗೋಣಿಯಲ್ಲಿ ರೊಟ್ಟಿ ಕಿವುಚುತ್ತಿತ್ತು, ಮುರ್ತುಜಾ ಬಾಯಿ ತೆರೆದು ಕಾಯುತ್ತಿದ್ದ. ಇನ್ನೊಂದು ಕೈ ಗೋಡೆಯ ಸಾಲಿನಲ್ಲಿದ್ದ ತನ್ನ ಮನೆಯ ಭಾಂಡೆಗಳನ್ನು, ಸಪ್ಪಳವಾಗದ ಹಾಗೆ, ಒಂದೊಂದಾಗಿ ಬೋರಲು ಹಾಕುತ್ತಿತ್ತು.